ಬೆಳೆಯಲು ಒಲ್ಲದ ಮಕ್ಕಳು, ಬೆಳೆಯಲು ಬಿಡದ ಹಿರಿಯರು

(ಲೋಕಿಕೆರೆಯಲ್ಲಿ ಶ್ರಾವಣ ಮಾಸದ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ ಕಾದಂಬರಿಗಳನ್ನು ಕುರಿತದ್ದು. ದೊಡ್ಡವರಾಗಲು ಒಲ್ಲದ ಮಕ್ಕಳ ಕಥೆ ಹೇಳುವ ಕಾದಂಬರಿಗಳು. ಶ್ರಾವಣದ ಗೋಷ್ಠಿಯಲ್ಲಿ ಕಾದಂಬರಿಯ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಇದೆ. ಈ ಸೀಮೆಯ ಯಾವ ಮನೆಗೆ ಹೋದರೂ ತಂದೆತಾಯಿಗಳ ಬಾಯಲ್ಲಿ ಒಂದು ಮಾತು ಕೇಳುತ್ತೇವೆ: "ನಮ್ಮ ಹುಡುಗ ಇನ್ನೂ ಹುಡುಗಾಟದಾಗೇ ಅದಾನೆ, ಇಪ್ಪತ್ತೈದಾದ್ರೂ ಜವಾಬ್ದಾರಿ ಬಂದಿಲ್ಲ." ಅದರ ಹಿಂದೆಯೇ ಇನ್ನೊಂದು ಮಾತು: "ಮದುವೆ ಮಾಡಿದ್ರೆ ಎಲ್ಲಾ ಸರಿಹೋಗ್ತದೆ ಬಿಡ್ರಿ." ಈ ಎರಡು ಮಾತುಗಳ ನಡುವೆ ಎಷ್ಟು ಮನೆಗಳ ಬಾಳು ಸಿಕ್ಕಿಕೊಂಡಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇದೇ ಪ್ರಶ್ನೆಯನ್ನು ನಮ್ಮ ಒಳ್ಳೆಯ ಲೇಖಕರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದಾರೆ. ಅವರು ಏನು ಕಂಡರು ಎಂದು ನೋಡೋಣ.

ಮೊದಲು ನಮ್ಮ ಆಡುಮಾತನ್ನೇ ಗಮನಿಸಿ. ಹೆಣ್ಣುಮಗು ಮೈನೆರೆದರೆ "ದೊಡ್ಡವಳಾದಳು" ಎನ್ನುತ್ತೇವೆ. ಹನ್ನೆರಡು, ಹದಿಮೂರು ವರ್ಷದ ಕೂಸು ಒಂದು ಬೆಳಿಗ್ಗೆ ಎದ್ದು ದೊಡ್ಡವಳಾಗಿಬಿಡುತ್ತಾಳೆ. ಅವಳಿಗೆ ಇಷ್ಟವಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಗಂಡುಮಗನ ವಿಷಯದಲ್ಲಿ ಹಾಗಲ್ಲ. ಮೀಸೆ ಬಂದಾಗ ದೇಶ ಕಾಣದು ಎಂದು ನಕ್ಕು ಬಿಟ್ಟುಬಿಡುತ್ತೇವೆ. ಅವನು ಮೂವತ್ತರವರೆಗೂ ಹುಡುಗನೇ. ಒಂದೇ ಮನೆಯಲ್ಲಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಮ್ಮಂದಿರಲ್ಲಿ ಒಬ್ಬಳಿಗೆ ಬೆಳೆಯದೆ ಇರುವ ಅವಕಾಶವೇ ಇಲ್ಲ, ಇನ್ನೊಬ್ಬನಿಗೆ ಬೆಳೆಯಲೇಬೇಕೆಂಬ ಒತ್ತಾಯವೇ ಇಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಒಬ್ಬ ಹುಡುಗ ತಪ್ಪುತ್ತ ಕಲಿಯುತ್ತ ಲೋಕದಲ್ಲಿ ತನ್ನ ಜಾಗ ಕಂಡುಕೊಳ್ಳುವ ಕಥೆಗೆ ಯೂರೋಪಿನಲ್ಲಿ ದೊಡ್ಡ ಪರಂಪರೆಯಿದೆ. ಜರ್ಮನಿಯ ಕವಿ ಗಯಟೆ 1795–96ರಲ್ಲಿ ಪ್ರಕಟಿಸಿದ 'ವಿಲ್ಹೆಲ್ಮ್ ಮೈಸ್ಟರ್' ಅದರ ಮಾದರಿ ಎನ್ನುತ್ತಾರೆ. ಆದರೆ ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಕಥೆಯ ದಿಕ್ಕು ತಿರುಗಿತು. 1904ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ಜೆ. ಎಂ. ಬ್ಯಾರಿಯವರ 'ಪೀಟರ್ ಪ್ಯಾನ್' ನಾಟಕದ ಹುಡುಗ ಎಂದೆಂದಿಗೂ ಹುಡುಗನಾಗಿಯೇ ಉಳಿಯುತ್ತಾನೆ. 1951ರಲ್ಲಿ ಅಮೆರಿಕದ ಸ್ಯಾಲಿಂಜರ್ ಬರೆದ ಕಾದಂಬರಿಯ ಹೋಲ್ಡನ್ ಎಂಬ ಹುಡುಗನಿಗೆ ದೊಡ್ಡವರ ಲೋಕವೆಲ್ಲ ನಟನೆಯಾಗಿ ಕಾಣುತ್ತದೆ. 1959ರಲ್ಲಿ ಗುಂಟರ್ ಗ್ರಾಸ್ ಬರೆದ 'ದ ಟಿನ್ ಡ್ರಮ್' ಕಾದಂಬರಿಯ ಆಸ್ಕರ್ ಮೂರನೆಯ ವರ್ಷದಲ್ಲೇ ಇನ್ನು ಬೆಳೆಯುವುದಿಲ್ಲ ಎಂದು ನಿಶ್ಚಯಿಸಿ, ಮೂರು ವರ್ಷದ ಮಗುವಿನ ಎತ್ತರದಲ್ಲೇ ನಿಂತು ತಗಡಿನ ಡೋಲು ಬಾರಿಸುತ್ತಾನೆ. ಅವನ ಸುತ್ತಲಿನ ದೊಡ್ಡವರು ಯಾರು? ಹಿಟ್ಲರನ ಪಕ್ಷಕ್ಕೆ ಜೈಕಾರ ಹಾಕಿದವರು, ನೆರೆಯ ಯಹೂದಿಯ ಅಂಗಡಿ ಒಡೆದಾಗ ನೋಡುತ್ತ ನಿಂತವರು. ಇಂಥವರ ಹಾಗೆ ದೊಡ್ಡವನಾಗುವುದಾದರೆ ನನಗೆ ಬೇಡ ಎಂದು ಒಂದು ಮಗು ಅಂದರೆ, ಆ ಮಗುವಿಗೆ ಬುದ್ಧಿ ಕಡಿಮೆ ಎನ್ನಲಾಗುತ್ತದೆಯೆ?

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮಲೆನಾಡಿನ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಗಾತ್ರದಲ್ಲಿ ಒಂದು ನೀಳ್ಗತೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಅಗ್ರಹಾರದ ವೇದಪಾಠಶಾಲೆಗೆ ನಾಣಿ ಎಂಬ ಎಳೆಯ ಹುಡುಗ ಬರುತ್ತಾನೆ. ತಾಯಿಯನ್ನು ಬಿಟ್ಟು ಬಂದ ಕೂಸು. ದೊಡ್ಡ ಹುಡುಗರು ಗೋಳುಹೊಯ್ದುಕೊಳ್ಳುತ್ತಾರೆ. ಅವನಿಗೆ ಪ್ರೀತಿ ತೋರಿಸುವವಳು ಒಬ್ಬಳೇ, ಗುರುಗಳಾದ ಉಡುಪರ ಮಗಳು ಯಮುನಕ್ಕ. ಚಿಕ್ಕ ವಯಸ್ಸಿನ ವಿಧವೆ. ಆಕೆ ಶಾಲೆಯ ಮಾಸ್ತರನಿಂದ ಬಸುರಾಗುತ್ತಾಳೆ. ಊರು ಪಿಸುಗುಟ್ಟುತ್ತದೆ, ಆಮೇಲೆ ಕೂಗಾಡುತ್ತದೆ, ಕೊನೆಗೆ ತೀರ್ಪು ಕೊಡುತ್ತದೆ. ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಊರಿನಿಂದ ಕಳೆದುಬಿಡುತ್ತಾನೆ. ಇಡೀ ಅಗ್ರಹಾರದಲ್ಲಿ ಅವಳ ಜೊತೆಗೆ ನಿಂತ ಜೀವ ಯಾವುದು? ಆ ಪುಟ್ಟ ಹುಡುಗ ನಾಣಿ. ಶಾಸ್ತ್ರ ಬಲ್ಲವರು, ತಲೆ ನರೆತವರು, ಊರಿಗೆ ಬುದ್ಧಿ ಹೇಳುವವರು ಎಲ್ಲ ಒಂದು ಕಡೆ, ಮಂತ್ರ ಸರಿಯಾಗಿ ಬಾರದ ಕೂಸು ಒಂದು ಕಡೆ. ಸಿನಿಮಾದ ಕೊನೆಯಲ್ಲಿ ಅಪ್ಪ ಬಂದು ನಾಣಿಯನ್ನು ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಕ್ಕನನ್ನು ನೋಡುತ್ತಲೇ ಆ ಮಗು ಮುಂದೆ ನಡೆಯಬೇಕು. ಆ ಅಗ್ರಹಾರದಲ್ಲಿ ಬೆಳೆಯುವುದೆಂದರೆ ಏನೆಂದು ನಾಣಿಗೆ ತೋರಿಸಿಕೊಟ್ಟದ್ದು ಇಷ್ಟೇ: ಕಂಡ ಅನ್ಯಾಯವನ್ನು ನುಂಗಿಕೊಂಡು ಹಿರಿಯರ ಹಿಂದೆ ನಡೆಯುವುದು.

ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' ಕಾದಂಬರಿಯೂ ಇದೇ ಜಾತಿಯದು. 1973ರಲ್ಲಿ ಗಿರೀಶ ಕಾರ್ನಾಡರು ಅದನ್ನು ತೆರೆಗೆ ತಂದರು. ಇಲ್ಲಿ ಕಿಟ್ಟಿ ಎಂಬ ಹುಡುಗ ಹಳ್ಳಿಯಲ್ಲಿ ಗೌಡರ ಮನೆಗೆ ಬಂದು ನಿಲ್ಲುತ್ತಾನೆ. ಗೌಡ ರಾತ್ರಿಯಾದರೆ ಪಕ್ಕದ ಊರಿನ ಹೆಂಗಸಿನ ಮನೆಗೆ ಹೋಗುತ್ತಾನೆ, ಅವನ ಹೆಂಡತಿ ಮನೆಯಲ್ಲಿ ಕೊರಗುತ್ತಾಳೆ, ಎರಡು ಊರುಗಳ ಹಗೆ ರಕ್ತಕ್ಕೆ ತಿರುಗುತ್ತದೆ. ಎಲ್ಲವನ್ನೂ ಹುಡುಗ ನೋಡುತ್ತಾನೆ. ನಾವು "ಅವನಿಗೇನು ತಿಳೀತದೆ, ಸಣ್ಣೋನು" ಎಂದುಕೊಂಡು ಮಕ್ಕಳ ಎದುರಿಗೇ ಬೈದಾಡುತ್ತೇವಲ್ಲ, ಆ ಸಣ್ಣವರ ಕಣ್ಣೇ ಈ ಕಾದಂಬರಿ. ಆ ಊರಿನ ಕಾಡಿನಲ್ಲಿ ಹೆಸರು ಹಿಡಿದು ಕರೆಯುವ ಹಕ್ಕಿ ಇದೆ ಎಂಬ ಮಾತು ಕಿಟ್ಟಿಯ ಕಿವಿಗೆ ಬಿದ್ದಿದೆ. ದೊಡ್ಡವರ ಲೋಕ ಅಷ್ಟೊಂದು ಭಯ ಹುಟ್ಟಿಸಿದಾಗ ಕಾಡಿನ ಹಕ್ಕಿಯ ಕೂಗೇ ಮಗುವಿನ ಮನಸ್ಸನ್ನು ಸೆಳೆಯುತ್ತದೆ. ಇವತ್ತು ನಮ್ಮ ಹುಡುಗರನ್ನು ಹೆಸರು ಹಿಡಿದು ಕರೆಯುವ ಹಕ್ಕಿ ಜೇಬಿನಲ್ಲೇ ಇದೆ. ಮೊಬೈಲಿಗೆ ಬಯ್ಯುವ ಮೊದಲು, ಮನೆಯೊಳಗೆ ಅವನನ್ನು ಪ್ರೀತಿಯಿಂದ ಕರೆಯುವ ದನಿ ಒಂದಾದರೂ ಉಳಿದಿದೆಯೇ ಎಂದು ಕೇಳಿಕೊಳ್ಳಬೇಕು.

ಇಲ್ಲಿಗೆ ಹಿರಿಯರು, "ಹಾಗಾದರೆ ತಪ್ಪೆಲ್ಲ ನಮ್ಮದೇ ಅಂತೀರಾ, ಹುಡುಗರು ಏನು ಮಾಡಿದರೂ ಸರಿಯೇ?" ಎಂದು ಕೇಳಬಹುದು. ಕೇಳಲೇಬೇಕು. ಕನ್ನಡ ಕಾದಂಬರಿಕಾರರು ಇನ್ನೊಂದು ಬಗೆಯ ಬೆಳೆಯದವರನ್ನೂ ತೋರಿಸಿದ್ದಾರೆ, ಬಹಳ ನಿಷ್ಠುರವಾಗಿ ತೋರಿಸಿದ್ದಾರೆ.

ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರ ಕಾದಂಬರಿ. ಕಾಸರವಳ್ಳಿಯವರು ಅದನ್ನು ಧಾರಾವಾಹಿಯಾಗಿಯೂ ಮಾಡಿದ್ದರಿಂದ ತಾಯಂದಿರಲ್ಲಿ ಅನೇಕರಿಗೆ ಕಥೆ ನೆನಪಿರುತ್ತದೆ. ಚೆನ್ನಿಗರಾಯ ಹುಟ್ಟಿನಿಂದ ಶಾನುಭೋಗ. ವಯಸ್ಸಾಗಿದೆ, ಮದುವೆಯಾಗಿದೆ, ಮೂರು ಮಕ್ಕಳಾಗಿವೆ. ಆದರೆ ಹೊಟ್ಟೆ ತುಂಬಿಸಿಕೊಳ್ಳುವುದು ಬಿಟ್ಟು ಅವನಿಗೆ ಬೇರೆ ಚಿಂತೆ ಇಲ್ಲ. ಶಾನುಭೋಗಿಕೆಯ ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮಕ್ಕಳಿಗೆ ಅನ್ನ ಹುಟ್ಟಿಸುವವಳು ನಂಜಮ್ಮ. ಪ್ಲೇಗಿನಲ್ಲಿ ಮಕ್ಕಳನ್ನು ಕಳೆದುಕೊಳ್ಳುವವಳೂ, ಕೊನೆಗೆ ಅದೇ ರೋಗಕ್ಕೆ ತಾನೂ ಬಲಿಯಾಗುವವಳೂ ನಂಜಮ್ಮ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವ ತಂದೆತಾಯಿಗಳು ಈ ಒಂದು ಪುಸ್ತಕವನ್ನು ಓದಬೇಕು. ಮದುವೆಯಿಂದ ಚೆನ್ನಿಗರಾಯ ಸರಿಹೋಗಲಿಲ್ಲ. ಮಗನನ್ನು ಬೆಳೆಸುವ ಕೆಲಸ ತಾಯಿಯ ಕೈಯಿಂದ ಹೆಂಡತಿಯ ಹೆಗಲಿಗೆ ಬಂತು, ಅಷ್ಟೇ.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯ ಲಚ್ಚನೂ ಹೀಗೆಯೇ. ಕಡಲತಡಿಯಲ್ಲಿ ಬೆವರು ಸುರಿಸಿ ಬದುಕಿದ ಮನೆತನದ ಒಬ್ಬನೇ ಗಂಡುಕೂಸು. ಮುದ್ದಿನ ಮಗ. ಇಂಗ್ಲಿಷ್ ಕಲಿಯಲು ಪೇಟೆಗೆ ಹೋದ. ಚಟಗಳನ್ನು ಕಲಿತ, ಹಿರಿಯರ ಆಸ್ತಿ ಕರಗಿಸಿದ. ಅವನು ತಂದ ಕಾಯಿಲೆಯ ನೋವನ್ನೂ ಅವನು ಮಾಡಿದ ಸಾಲದ ಅವಮಾನವನ್ನೂ ಉಂಡವಳು ಹೆಂಡತಿ ನಾಗವೇಣಿ. ಕಾರಂತರು ಒಂದು ಸೂಕ್ಷ್ಮ ಮಾತನ್ನು ಕಥೆಯಲ್ಲೇ ತೋರಿಸುತ್ತಾರೆ. ಲಚ್ಚನ ಮನೆಯ ಹೆಂಗಸರು ಹೊಲದಲ್ಲಿ ದುಡಿದರು, ಹೊಳೆಯಲ್ಲಿ ತೇಲಿಬಂದ ಕಟ್ಟಿಗೆ ಹಿಡಿದರು, ಉಪ್ಪುನೀರಿನ ನೆಲದಲ್ಲಿ ಬೆಳೆ ತೆಗೆದರು. ಮಗನಿಗೆ ಮಾತ್ರ ಯಾವ ಕೆಲಸವನ್ನೂ ಮುಟ್ಟಿಸಲಿಲ್ಲ. ಕೈ ಕೆಸರಾಗದ ಹಾಗೆ ಸಾಕಿದ ಮಗನ ಬಾಯಿ ಮೊಸರಾಗಲಿಲ್ಲ. ಮುಂದೆ ಲಚ್ಚನ ಮಗ ರಾಮ ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯದ ಹೋರಾಟ ಕಂಡು, ಕೊನೆಗೆ ಅದೇ ಮಣ್ಣಿಗೆ ಮರಳುತ್ತಾನೆ. ಅಪ್ಪ ಕಳೆದದ್ದನ್ನು ಮಗ ದುಡಿಮೆಯಿಂದ ಹುಡುಕುತ್ತಾನೆ.

ಹಾಗಾದರೆ ನಾಣಿಯೂ ಚೆನ್ನಿಗರಾಯನೂ ಒಂದೇ ಅಲ್ಲ. ನಾಣಿ ಹಿಂಜರಿಯುವುದು ಕ್ರೌರ್ಯಕ್ಕೆ. ಚೆನ್ನಿಗರಾಯ ಹಿಂಜರಿಯುವುದು ಹೊಣೆಗೆ. ಇಬ್ಬರನ್ನೂ ನಾವು "ಇನ್ನೂ ದೊಡ್ಡವನಾಗಿಲ್ಲ" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುತ್ತೇವೆ. ಇವರನ್ನು ಬೇರ್ಪಡಿಸಿ ನೋಡುವ ಒಂದು ಸುಲಭದ ಅಳತೆ ಇದೆ: ಅವನ 'ಒಲ್ಲೆ' ಎಂಬ ಮಾತಿನ ಭಾರವನ್ನು ಹೊರುವವರು ಯಾರು? ತಾನೇ ಹೊರುತ್ತಿದ್ದರೆ ಅದು ನಿಲುವು. ತಾಯಿಯೋ ಹೆಂಡತಿಯೋ ತಂಗಿಯೋ ಹೊರುತ್ತಿದ್ದರೆ ಅದು ನುಣುಚಿಕೊಳ್ಳುವುದು.

ಹೆಣ್ಣುಮಕ್ಕಳ ಮಾತಿಗೆ ಬರೋಣ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರ ಕಾದಂಬರಿ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಆಡುವ ವಯಸ್ಸಿನಲ್ಲಿ ಮದುವೆ, ಮದುವೆ ಎಂದರೇನೆಂದು ತಿಳಿಯುವ ಮೊದಲೇ ವೈಧವ್ಯ. ಫಣಿಯಮ್ಮನಿಗೆ ಬೆಳೆಯಲು ಹಿಂಜರಿಯುವ ಅವಕಾಶವೇ ಸಿಗಲಿಲ್ಲ. ಬಾಲ್ಯವನ್ನೇ ಕಿತ್ತುಕೊಂಡು ಅವಳನ್ನು ಒಂದೇ ಬಾರಿಗೆ ಮುದುಕಿಯ ಸಾಲಿನಲ್ಲಿ ಕೂರಿಸಿದರು. ಆದರೆ ಆ ಕಾದಂಬರಿಯ ದೊಡ್ಡತನ ಮುಂದೆ ಇದೆ. ವರ್ಷಗಳು ಕಳೆದ ಮೇಲೆ ಮನೆತನದ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆ ಎನ್ನುತ್ತಾಳೆ. ಆಗ ಮಡಿಯಲ್ಲೇ ಬದುಕು ಸವೆಸಿದ ಫಣಿಯಮ್ಮ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. "ನಾನು ಅನುಭವಿಸಲಿಲ್ಲವೆ, ಇವಳೂ ಅನುಭವಿಸಲಿ" ಎನ್ನುವವರು ಬರೀ ವಯಸ್ಸಾದವರು. "ನಾನು ಅನುಭವಿಸಿದ್ದು ನನಗೇ ಸಾಕು, ಇವಳಿಗೆ ಬೇಡ" ಎನ್ನುವವರು ನಿಜವಾಗಿ ಬೆಳೆದವರು.

ಅದು ಹಳೆಯ ಕಾಲ, ಈಗ ಹಾಗಿಲ್ಲ ಎನ್ನಬೇಡಿ. 1929ರಲ್ಲಿ ಶಾರದಾ ಕಾಯ್ದೆ ಬಂತು, 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು, ಹುಡುಗಿಗೆ ಹದಿನೆಂಟು ತುಂಬಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಹತ್ತನೆಯ ತರಗತಿ ಮುಗಿದ ಕೂಡಲೇ, "ದಾವಣಗೆರೆಗೆ ದಿನಾ ಬಸ್ಸಿನಾಗೆ ಹೋಗಿ ಬರೋದು ಬ್ಯಾಡ, ಕಾಲ ಸರಿ ಇಲ್ಲ" ಎಂಬ ಮಾತು ಎಷ್ಟು ಮನೆಗಳಲ್ಲಿ ಏಳುತ್ತದೆ. ಅದೇ ಮನೆಯಲ್ಲಿ ಎರಡು ಸಲ ಫೇಲಾದ ಅಣ್ಣನಿಗೆ ಬೈಕು ಬರುತ್ತದೆ. ಓದಲು ಆಸೆಯಿರುವವಳನ್ನು ಹದಿನಾರಕ್ಕೆ ದೊಡ್ಡವಳನ್ನಾಗಿ ಮಾಡಿ, ದುಡಿಯಲು ಒಲ್ಲದವನನ್ನು ಇಪ್ಪತ್ತಾರರವರೆಗೆ ಸಣ್ಣವನನ್ನಾಗಿ ಇಡುವುದು ಯಾವ ನ್ಯಾಯ?

ಇನ್ನು ಹುಡುಗರ ಇನ್ನೊಂದು ಕಷ್ಟವನ್ನೂ ಹೇಳಲೇಬೇಕು. ಅದನ್ನು ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ನಗುನಗುತ್ತಲೇ ಹೇಳಿದ್ದಾರೆ. ಮಂದಣ್ಣ ಎಂಬ ಹಳ್ಳಿ ಹುಡುಗ. ಜೇನು ಹುಡುಕುವುದರಲ್ಲಿ, ಕಾಡಿನ ಹುಳುಹುಪ್ಪಟೆ ಬಲ್ಲುದರಲ್ಲಿ ಅವನಿಗೆ ಅವನೇ ಸಾಟಿ. ಊರಿನ ಲೆಕ್ಕದಲ್ಲಿ ಮಾತ್ರ ಅಬ್ಬೇಪಾರಿ. ಅವನಿಗೊಂದು ಮದುವೆಯ ಆಸೆ. ಹೆಣ್ಣು ಸಿಗಬೇಕಾದರೆ ನೌಕರಿ ಬೇಕು. ಆದ್ದರಿಂದ ಒಂದು ಜವಾನನ ಕೆಲಸವಾದರೂ ಸಿಕ್ಕಿದರೆ ಸಾಕು ಎಂದು ಅಲೆಯುತ್ತಾನೆ. ಅವನ ಒಳಗೆ ಒಬ್ಬ ದೊಡ್ಡ ನಿಸರ್ಗ ತಜ್ಞ ಇದ್ದಾನೆ ಎಂದು ಕಂಡವರು ವಿಜ್ಞಾನಿ ಕರ್ವಾಲೊ ಒಬ್ಬರೇ. ಮಂದಣ್ಣನ ಜ್ಞಾನವನ್ನು ಊರು ಹುಡುಗಾಟ ಎಂದಿತು, ವಿಜ್ಞಾನಿ ವಿದ್ಯೆ ಎಂದರು.

ಈ ಕಥೆ ಇವತ್ತು ನಮ್ಮ ಊರೂರಿನ ಕಥೆ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ ಸುದ್ದಿಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಅವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಕೆಲವರು ನಕ್ಕರು. ನಗುವ ವಿಷಯ ಅದಲ್ಲ. ಹೊಲ ಉಳುವುದನ್ನು ಕೆಲಸವೆಂದೇ ಎಣಿಸದ ಸಮಾಜ, ಮೂವತ್ತೈದು ವರ್ಷದ ರೈತನನ್ನು ಇನ್ನೂ ನೆಲೆ ನಿಲ್ಲದ ಹುಡುಗ ಎಂದು ಕರೆಯುತ್ತದೆ. ತಿಂಗಳ ಸಂಬಳ ಬಂದರೆ ಗಂಡಸು, ಭತ್ತ ಬೆಳೆದರೆ ಹುಡುಗ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಭೆಗಳಲ್ಲಿ ಹೇಳುವ ನಾವೇ ಮಗಳಿಗೆ ವರ ನೋಡುವಾಗ ಬೇರೆ ತಕ್ಕಡಿ ಹಿಡಿಯುತ್ತೇವೆ.

ಮನೆಯೊಳಗೆ ಇನ್ನೊಂದು ತಕ್ಕಡಿ ಇದೆ. ನಮ್ಮ ಸೀಮೆಯ ರೈತರ ಮನೆಗಳನ್ನು ನೋಡಿ. ಅಡಿಕೆಯ ದುಡ್ಡು ಎಷ್ಟು ಬಂತು, ಮೆಕ್ಕೆಜೋಳ ಏನಾಯಿತು, ಸೊಸೈಟಿಯ ಸಾಲ ಎಷ್ಟಿದೆ, ಕೊಳವೆಬಾವಿ ಕೊರೆಸಿದ ಕೈಸಾಲ ಎಷ್ಟು ಉಳಿದಿದೆ, ಈ ಯಾವ ಲೆಕ್ಕವೂ ಮಗನಿಗೆ ಗೊತ್ತಿರುವುದಿಲ್ಲ. ಪಹಣಿ ಅಪ್ಪನ ಹೆಸರಿನಲ್ಲಿ, ಪಾಸ್‌ಬುಕ್ ಅಪ್ಪನ ಟ್ರಂಕಿನಲ್ಲಿ, ತೀರ್ಮಾನ ಅಪ್ಪನ ಬಾಯಲ್ಲಿ. ಭದ್ರಾ ನಾಲೆಯ ನೀರು ಈ ಸಲ ಕೊನೆಯ ಹೊಲದವರೆಗೆ ಬರುತ್ತದೋ ಇಲ್ಲವೋ ಎಂಬ ಚಿಂತೆಯೂ ಅಪ್ಪನದೇ. ಮೂವತ್ತು ವರ್ಷದ ಮಗ ಪೆಟ್ರೋಲಿಗೆ ಕಾಸು ಕೇಳುತ್ತ ಬಾಗಿಲಲ್ಲಿ ನಿಲ್ಲಬೇಕು. ಆಮೇಲೆ ಒಂದು ದಿನ ಅಪ್ಪ ಹಾಸಿಗೆ ಹಿಡಿದಾಗ ಇಡೀ ಸಾಲ ಒಮ್ಮೆಲೇ ಮಗನ ತಲೆಯ ಮೇಲೆ ಬೀಳುತ್ತದೆ. ಇಂಥ ಮಗ ಬೆಳೆಯಲು ಒಲ್ಲದವನೋ, ಬೆಳೆಯಲು ಬಿಡದೆ ಇಟ್ಟವನೋ? ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆದೇ ಗಟ್ಟಿಯಾದಳು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಇರುತ್ತದೋ ಅವರು ಬೇಗ ಬಲಿಯುತ್ತಾರೆ.

ಶರಣ ಬಂಧುಗಳೆ, ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ನಮ್ಮ ಪರಂಪರೆಯ ಮೊದಲ ದೊಡ್ಡ ಘಟನೆಯೇ ಒಬ್ಬ ಹುಡುಗ 'ಒಲ್ಲೆ' ಎಂದದ್ದು. ಉಪನಯನ ಎಂದರೆ ಆ ಕಾಲದಲ್ಲಿ ಹುಡುಗ ಬೆಳೆದನೆಂದು ಸಾರುವ ಸಂಸ್ಕಾರ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲೂ 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲೂ ಬಾಲಕ ಬಸವಣ್ಣ ಆ ಸಂಸ್ಕಾರವನ್ನೇ ನಿರಾಕರಿಸುತ್ತಾನೆ. ಹಂಪೆಯ ಹರಿಹರ ಕವಿ ಬರೆದ ರಗಳೆಯಲ್ಲಿ ಹಾಕಿದ್ದ ಜನಿವಾರವನ್ನು ತೆಗೆದೆಸೆದು ಕೂಡಲಸಂಗಮದ ದಾರಿ ಹಿಡಿಯುತ್ತಾನೆ. ವಿವರ ಬೇರೆ, ತಿರುಳು ಒಂದೇ. ಬಾಗೇವಾಡಿಯ ಹಿರಿಯರ ಕಣ್ಣಿಗೆ ಅವನು ದಾರಿ ತಪ್ಪಿದ ಹುಡುಗ. ಆದರೆ ಅವನ 'ಒಲ್ಲೆ' ಅಲ್ಲಿಗೆ ನಿಲ್ಲಲಿಲ್ಲ. ಲೆಕ್ಕ ಬರೆಯುವ ಕಾಯಕದಿಂದ ಭಂಡಾರಿಯ ಹೊಣೆಯವರೆಗೆ ನಡೆಯಿತು, ದಾಸೋಹವಾಯಿತು, ಅನುಭವ ಮಂಟಪವಾಯಿತು. ಹಳೆಯ ದೊಡ್ಡತನವನ್ನು ಬಿಟ್ಟವನು ಅದಕ್ಕಿಂತ ದೊಡ್ಡ ಹೊಣೆಯನ್ನು ಹೊತ್ತ.

ಸೊನ್ನಲಿಗೆಯ ಸಿದ್ಧರಾಮನನ್ನು ನೆನೆಯಿರಿ. ರಾಘವಾಂಕನ ಕಾವ್ಯದಲ್ಲಿ ಅವನು ದನ ಕಾಯುವ ಹುಡುಗ, ಲೋಕದ ಕಣ್ಣಿಗೆ ಪೆದ್ದ. ಆ ಪೆದ್ದ ಹುಡುಗ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದ, ಮುಂದೆ ಊರಿಗೆ ಕೆರೆ ಕಟ್ಟಿಸಿದ. ಮಂದಣ್ಣನಂಥ ಹುಡುಗನನ್ನು ನೋಡಿದಾಗ ಸಿದ್ಧರಾಮನ ನೆನಪು ನಮಗೆ ಬರಬೇಕು.

ಎಲ್ಲಕ್ಕಿಂತ ಮುಖ್ಯ ಅಕ್ಕಮಹಾದೇವಿ. ಹೆಣ್ಣು ಬೆಳೆದಳೆಂದರೆ ಒಬ್ಬನ ಹೆಂಡತಿಯಾಗಬೇಕು ಎಂಬ ಲೆಕ್ಕವನ್ನೇ ಒಪ್ಪದೆ, ಕೌಶಿಕನ ಅರಮನೆಯನ್ನು ಬಿಟ್ಟು ಉಡುತಡಿಯಿಂದ ಕಲ್ಯಾಣಕ್ಕೆ ನಡೆದವಳು. ಅಲ್ಲಿ ಏನಾಯಿತು ಎಂಬುದನ್ನು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮಪ್ರಭುಗಳು ಆಕೆಯನ್ನು ತಕ್ಷಣ ಒಪ್ಪಲಿಲ್ಲ. ಕಟುವಾಗಿಯೇ ಪ್ರಶ್ನೆ ಕೇಳಿದರು. ಆದರೆ ಕೇಳಿದ ಮೇಲೆ ಉತ್ತರ ಹೇಳಲು ಬಿಟ್ಟರು, ಉತ್ತರ ಸರಿಯೆನಿಸಿದಾಗ ತಲೆಬಾಗಿದರು. ತುಂಬಿದ ಸಭೆಯ ಹಿರಿಯರೆಲ್ಲ ಆ ಚಿಕ್ಕ ಹುಡುಗಿಯನ್ನು ಕರೆದದ್ದು 'ಅಕ್ಕ' ಎಂದು. ಹಿರಿತನವನ್ನು ಅವರು ವಯಸ್ಸಿನಲ್ಲಿ ಅಳೆಯಲಿಲ್ಲ, ಅರಿವಿನಲ್ಲಿ ಅಳೆದರು. ಚಿಕ್ಕ ವಯಸ್ಸಿನ ಚೆನ್ನಬಸವಣ್ಣನ ಮಾತಿಗೆ ಅದೇ ಸಭೆಯಲ್ಲಿ ಎಷ್ಟು ಗೌರವ ಇತ್ತೆಂಬುದೂ ನಿಮಗೆ ತಿಳಿದದ್ದೇ.

ಅಗ್ರಹಾರದ ಸಭೆಗೂ ಅನುಭವ ಮಂಟಪದ ಸಭೆಗೂ ಇರುವ ಅಂತರ ಇಲ್ಲಿದೆ. ಯಮುನಕ್ಕನ ಊರು ಅವಳನ್ನು ಒಂದು ಮಾತೂ ಕೇಳದೆ ತೀರ್ಪು ಕೊಟ್ಟಿತು. ಕಲ್ಯಾಣ ಕೇಳಿತು, ಕೇಳಿಸಿಕೊಂಡಿತು. ನಮ್ಮ ಮನೆಯ ಪಡಸಾಲೆ ಈ ಎರಡರಲ್ಲಿ ಯಾವ ಸಭೆಯನ್ನು ಹೋಲುತ್ತದೆ? ಮಗಳು "ಈಗ ಮದುವೆ ಬೇಡಪ್ಪ" ಎಂದಾಗ, ಮಗ "ಈ ಕೋರ್ಸು ನನಗೆ ಆಗಲ್ಲ" ಎಂದಾಗ, "ಯಾಕಪ್ಪಾ, ಏನವ್ವಾ" ಎಂದು ಕೇಳಿ ಪೂರ್ತಿ ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವ ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿಗಿದೆ?

ಯುವಕರಿಗೂ ಒಂದು ಮಾತು. ಬಸವಣ್ಣ ಒಲ್ಲೆ ಎಂದರು, ನಾವೂ ಒಲ್ಲೆ ಅಂತೀವಿ ಎಂದು ಕಟ್ಟೆಯ ಮೇಲೆ ಕುಳಿತರೆ ಅದು ಬಸವಣ್ಣನ ದಾರಿ ಅಲ್ಲ, ಚೆನ್ನಿಗರಾಯನ ದಾರಿ. ನೀವು ಬೇಡವೆಂದದ್ದರ ಜಾಗದಲ್ಲಿ ಏನನ್ನು ಹಿಡಿದಿರಿ? ನಿಮ್ಮ ಊಟದ ತಟ್ಟೆ ತೊಳೆಯುವವರು ಯಾರು? ನೀವು ದುಡಿದದ್ದರಲ್ಲಿ ಇನ್ನೊಬ್ಬರ ಪಾಲೆಷ್ಟು? ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳು ದೊಡ್ಡವರಾಗುವುದರ ಪೂರ್ತಿ ಪಠ್ಯ. ತನ್ನ ಅನ್ನ ತಾನು ದುಡಿಯುವುದು ಮೊದಲ ಪಾಠ, ದುಡಿದದ್ದನ್ನು ಹಂಚಿಕೊಂಡು ಉಣ್ಣುವುದು ಎರಡನೆಯದು. ಕೆಲಸ ಸಣ್ಣದೋ ದೊಡ್ಡದೋ ಎಂಬುದು ಆ ಪಠ್ಯದಲ್ಲಿ ಇಲ್ಲ.

ಹಿರಿಯರಿಗೆ ಇನ್ನೊಂದು ಮಾತು. ಷಟ್‌ಸ್ಥಲದಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲು. ಎಪ್ಪತ್ತು ವರ್ಷವಾದವರೂ ಎಷ್ಟನೆಯ ಮೆಟ್ಟಿಲಲ್ಲಿ ಇದ್ದೇವೆ ಎಂದು ಎದೆ ಮುಟ್ಟಿಕೊಂಡು ನೋಡಿಕೊಳ್ಳಬೇಕು. ನಾವು ಬೆಳೆದು ಮುಗಿಸಿದವರು, ಮಕ್ಕಳು ಮಾತ್ರ ಬೆಳೆಯಬೇಕಾದವರು ಎಂಬ ಲೆಕ್ಕ ಶರಣರಲ್ಲಿ ಇಲ್ಲ. ಬೆಳವಣಿಗೆ ಕೊನೆಯ ಉಸಿರಿನವರೆಗೆ.

'ಗೃಹಭಂಗ'ದ ಕೊನೆಯನ್ನು ಹೇಳಿ ಮುಗಿಸುತ್ತೇನೆ. ನಂಜಮ್ಮ ಹೋದ ಮೇಲೆ ಉಳಿಯುವವನು ಕಿರಿಯ ಮಗ ವಿಶ್ವ. ಅಪ್ಪ ಇದ್ದೂ ಇಲ್ಲ. ಆ ಅನಾಥ ಕೂಸನ್ನು ಕೈಹಿಡಿದು ಊರಾಚೆ ಕರೆದುಕೊಂಡು ಹೋಗುವವರು ಯಾರು ಗೊತ್ತೆ? ಭಿಕ್ಷೆ ಎತ್ತಿ ಬದುಕುವ ಮಾದೇವಯ್ಯನವರು, ನಮ್ಮ ಒಬ್ಬ ಜಂಗಮ. ರಕ್ತಸಂಬಂಧವಿಲ್ಲ, ಜಾತಿಯ ನಂಟಿಲ್ಲ. ಭೈರಪ್ಪನವರು ಇಡೀ ಕಾದಂಬರಿಯ ಕತ್ತಲೆಯ ಕೊನೆಗೆ ಒಬ್ಬ ಜಂಗಮನ ಕೈಯಲ್ಲಿ ಮಗುವಿನ ಕೈ ಇಟ್ಟಿದ್ದಾರೆ. ಇದು ನಮಗೆ ಸಂದ ಗೌರವ, ನಮಗೆ ವಹಿಸಿದ ಕೆಲಸವೂ ಹೌದು. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಬೆಳೆದ ಸಾವಿರಾರು ಮಕ್ಕಳ ಪಾಲಿಗೆ ಆ ಅಡುಗೆಮನೆಗಳೇ ಮಾದೇವಯ್ಯ. ಈಗ ಆ ಕೆಲಸ ಪ್ರತಿ ಮನೆಗೂ ಬರಬೇಕು.

ಆದ್ದರಿಂದ ಈ ಸಭೆಯಿಂದ ಮನೆಗೆ ಹೋಗುವ ತಂದೆಯರಲ್ಲಿ ಒಂದು ಬೇಡಿಕೆ. ಈ ಸುಗ್ಗಿಯ ಲೆಕ್ಕವನ್ನು ಮಗನ ಕೈಯಿಂದ ಬರೆಸಿ, ಸಾಲವನ್ನೂ ಸೇರಿಸಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿ, ಅವಳಿಗೂ ಆ ಲೆಕ್ಕದಲ್ಲಿ ಪಾಲಿದೆ. ತಾಯಂದಿರಲ್ಲಿ ಒಂದು ಬೇಡಿಕೆ. ಮಗ ಉಂಡ ತಟ್ಟೆಯನ್ನು ಮಗಳಿಂದ ಎತ್ತಿಸಬೇಡಿ. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಪಿಯುಸಿಗೆ ಹೋಗುವುದಾದರೆ, ಬೆಳಿಗ್ಗೆಯ ಬಸ್ಸಿಗೆ ಕೈ ಮಾಡಿ ನಿಲ್ಲಿಸುವವರು ಅವಳ ಅಪ್ಪನೋ ಅಣ್ಣನೋ ಆಗಿರಲಿ. ಆ ಮನೆಯಲ್ಲಿ ಯಾರು ಬೆಳೆದಿದ್ದಾರೆ ಎಂಬುದು ಊರಿಗೇ ಕಾಣುತ್ತದೆ.